ಲೆಕ್ಕ ಕಲಿಸುವ ಕಾಲೇಜು ಮೊದಲು ತನ್ನ ಲೆಕ್ಕ ಕೊಡಲಿ



ಕಳೆದ ಮೇ ತಿಂಗಳ ಒಂದು ಸಂಜೆ ಬಂಡೂರಿನ ನಮ್ಮ ಮನೆಯ ಜಗಲಿಗೆ ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಡಿಸ್ಟಿಂಕ್ಷನ್ ಪಡೆದಿದ್ದಳು. ಲೆಕ್ಕಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೇಳು ಬಂದಿತ್ತು. ಕೈಯಲ್ಲಿ ಮೂರು ಕಾಲೇಜುಗಳ ಬಣ್ಣದ ಕರಪತ್ರಗಳಿದ್ದವು. ತಂದೆ ಅವನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು, “ಇದ್ರಲ್ಲಿ ಒಂದ್ಕಡೆ ಸೇರ್ಸು ಅಂತೀರೋ, ಓದಿದ್ದು ಸಾಕು ಅಂತೀರೋ, ನೀವೇ ಹೇಳ್ಬುಡಿ ಮೇಷ್ಟ್ರೇ” ಎಂದರು.

‘ಓದಿದ್ದು ಸಾಕು’ ಎಂಬ ಮಾತು ಯಾಕೆ ಬಂತೆಂದು ನನಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಊರಿಗೆ ಬಂದ ಒಬ್ಬ ಏಜೆಂಟನ ಮಾತು ನಂಬಿ ಅವರು ಹಿರಿಯ ಮಗನನ್ನು ಬೆಂಗಳೂರಿನ ಒಂದು ಖಾಸಗಿ ಕಾಲೇಜಿಗೆ ಬಿ.ಕಾಂ.ಗೆ ಸೇರಿಸಿದ್ದರು. ಕೈಸಾಲ ಮಾಡಿದ್ದರು, ಒಡವೆ ಅಡವಿಟ್ಟಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿದ್ದ ಹುಡುಗನಿಗೆ ಅಲ್ಲಿಯ ಪಾಠ ಅರ್ಥವಾಗಲಿಲ್ಲ. ಎರಡನೆಯ ಸೆಮಿಸ್ಟರಿನಲ್ಲಿ ಮೂರು ವಿಷಯ ಉಳಿಸಿಕೊಂಡು ಊರಿಗೆ ವಾಪಸಾದ. ಉಳಿದ ಶುಲ್ಕ ಕಟ್ಟುವ ತನಕ ಮೂಲ ಅಂಕಪಟ್ಟಿ ಕೊಡುವುದಿಲ್ಲ ಎಂದು ಆ ಕಾಲೇಜಿನವರು ಹಟ ಹಿಡಿದರು. ಹಣವೂ ಹೋಯಿತು, ವರ್ಷವೂ ಹೋಯಿತು. ಈಗ ಅಣ್ಣನ ಸೋಲನ್ನು ತಂಗಿಯ ಖಾತೆಗೆ ಬರೆಯುವ ಹೊತ್ತು ಬಂದಿತ್ತು.

ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಆ ಕುಟುಂಬಕ್ಕೆ ಹೇಳಿದ ಮಾತನ್ನೇ ಈ ಪತ್ರಿಕೆಯ ಓದುಗರ ಮುಂದೆಯೂ ಇಡುತ್ತಿದ್ದೇನೆ. ಲೆಕ್ಕ ಕಲಿಸುತ್ತೇವೆ ಎನ್ನುವ ಕಾಲೇಜು ಮೊದಲು ತನ್ನ ಲೆಕ್ಕವನ್ನು ನಮಗೆ ಕೊಡಬೇಕು. ಕೊಡದ ಕಾಲೇಜು ಎಷ್ಟೇ ದೊಡ್ಡದಿರಲಿ, ಯಾರ ಹೆಸರಿನಲ್ಲೇ ಇರಲಿ, ನಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಬಾರದು.

ನಮ್ಮ ಸೀಮೆಯ ಜನ ಮುಡುಕುತೊರೆಯ ದನಗಳ ಜಾತ್ರೆಗೆ ಹೋಗಿ ಎತ್ತು ಕೊಳ್ಳುವುದನ್ನು ನೀವು ಕಂಡಿದ್ದೀರಿ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ನಾಲ್ಕು ಮಾರು ನಡೆಸಿ ನೋಡುತ್ತಾರೆ. ಸುಳಿ ನೋಡುವುದು ಮೂಢನಂಬಿಕೆ, ಅದನ್ನು ಬಿಡೋಣ. ಆದರೆ ಹಲ್ಲು ನೋಡುವುದು ವಿವೇಕ. ಕೊಂಬಿಗೆ ಬಳಿದ ಬಣ್ಣ ನೋಡಿ ಯಾರೂ ಹಣ ಎಣಿಸುವುದಿಲ್ಲ. ಅದೇ ಜನ ಮಗಳ ಮೂರು ವರ್ಷದ ಓದನ್ನು ಬಸ್ ನಿಲ್ದಾಣದ ಫ್ಲೆಕ್ಸ್ ನೋಡಿ ನಿರ್ಧರಿಸುತ್ತಾರೆ. ಇಲ್ಲವೇ ‘ನಮ್ಮವರ ಕಾಲೇಜು’ ಎಂಬ ಒಂದೇ ಮಾತಿಗೆ ಒಪ್ಪಿಬಿಡುತ್ತಾರೆ.

ಲೆಕ್ಕ ಎಂಬುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಬಸವಣ್ಣನವರು ಮಂಗಳವಾಡದಲ್ಲಿ ಕರಣಿಕರಾಗಿ ಕಾಯಕ ಆರಂಭಿಸಿ ಮುಂದೆ ಬಿಜ್ಜಳನ ಭಂಡಾರಿಗಳಾದರು. ಭಂಡಾರದ ಹಣವನ್ನು ಜಂಗಮರಿಗೆ ಸವೆಸುತ್ತಿದ್ದಾರೆ ಎಂದು ಅರಸನ ಕಿವಿಗೆ ಚಾಡಿ ಬಿದ್ದದ್ದನ್ನೂ, ಆಗ ಭಂಡಾರದ ಲೆಕ್ಕ ನೋಡಿದ್ದನ್ನೂ, ಏನೂ ಕಡಿಮೆಯಾಗಿರದಿದ್ದುದನ್ನೂ ಅವರ ಚರಿತ್ರೆಯನ್ನು ಹೇಳುವ ಕಾವ್ಯಪುರಾಣಗಳು ವರ್ಣಿಸುತ್ತವೆ. ಪವಾಡದ ಮಾತನ್ನು ಬದಿಗಿಟ್ಟರೆ ಉಳಿಯುವುದು ಒಂದು ನಡೆ. ಲೆಕ್ಕ ಕೇಳಿದಾಗ ಅವರು ಸಿಟ್ಟಾಗಲಿಲ್ಲ, ಬಾಗಿಲು ತೆರೆದು ತೋರಿಸಿದರು. ಅವರ ಹೆಸರು ಹೇಳುವ ನಾವು ಲೆಕ್ಕ ಕೇಳಲು ನಾಚಬಾರದು. ಕೇಳಿಸಿಕೊಂಡವರು ಅವಮಾನವೆಂದು ತಿಳಿಯಲೂಬಾರದು.

ಇನ್ನೊಂದು ಮಾತು. ಲೆಕ್ಕ ಬರೆಯುವ ಕೈ ಯಾವಾಗಲೂ ಅಧಿಕಾರದ ಕೈ. ನಮ್ಮ ಅಜ್ಜಂದಿರ ಕಾಲದಲ್ಲಿ ಊರಿನ ಕಂದಾಯದ ಲೆಕ್ಕ ಶಾನುಭೋಗರ ಮನೆತನದ ಸೊತ್ತಾಗಿತ್ತು. ಯಾರ ಗದ್ದೆ ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಅವರ ಮನೆ ಬಾಗಿಲಲ್ಲಿ ಕಾಯಬೇಕಿತ್ತು. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಕಾಯ್ದೆ ಹುದ್ದೆಯನ್ನು ತೆಗೆಯಬಲ್ಲದು, ವಿದ್ಯೆಯನ್ನು ಮನೆಮನೆಗೆ ಹಂಚಲಾರದು. ಇವತ್ತಿಗೂ ನಮ್ಮ ಕಬ್ಬು ಬೆಳೆಗಾರರಲ್ಲಿ ಎಷ್ಟು ಜನ ಕಾರ್ಖಾನೆಯ ಬಿಲ್ಲನ್ನು ಕಡಿತಗಳ ಸಮೇತ ಓದಿ ಅರ್ಥ ಮಾಡಿಕೊಳ್ಳುತ್ತಾರೆ? ವ್ಯವಸಾಯ ಸೇವಾ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆ ಓದುವಾಗ ಎಷ್ಟು ಸದಸ್ಯರು ತಲೆಯೆತ್ತಿ ಪ್ರಶ್ನೆ ಕೇಳುತ್ತಾರೆ? ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ಗ್ರಾಮ ಪಂಚಾಯಿತಿ ಎಲ್ಲವೂ ಲೆಕ್ಕದ ಮೇಲೆ ನಿಂತಿವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾಲಗಾರರ ಲೆಕ್ಕಕ್ಕೆ ತಲೆಬಾಗದಿರಲಿ ಎಂದು. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಂಪ್ಯೂಟರ್ ಬರುತ್ತದೆ, ಅದರ ಮುಂದೆ ಕೂರುವವರು ಯಾರು? ಆದ್ದರಿಂದ ಆ ಹುಡುಗಿಯ ಓದು ಒಂದು ಮನೆಯ ಪ್ರಶ್ನೆ ಮಾತ್ರವಲ್ಲ.

ಕಾಲೇಜಿಗೆ ಹೋಗಿ ಏನು ಕೇಳಬೇಕು? ನಾನು ಅವರಿಗೆ ಐದು ಪ್ರಶ್ನೆ ಬರೆದುಕೊಟ್ಟೆ.

ಮೊದಲನೆಯದು: ಮೂರು ವರ್ಷದ ಹಿಂದೆ ಬಿ.ಕಾಂ.ಗೆ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಈ ವರ್ಷ ಎಷ್ಟು ಮಕ್ಕಳು ಪದವಿ ಮುಗಿಸಿದರು? ಇದನ್ನು ಕೇಳದಿದ್ದರೆ ಫಲಿತಾಂಶದ ಅಂಕಿ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಎಂಬತ್ತು ಮಕ್ಕಳು ಸೇರಿ, ಕೊನೆಯ ವರ್ಷಕ್ಕೆ ನಲವತ್ತೈದು ಮಂದಿ ಉಳಿದು, ಅವರಲ್ಲಿ ನಲವತ್ತು ಮಂದಿ ಪಾಸಾದರು ಎಂದುಕೊಳ್ಳಿ. ಜಾಹೀರಾತಿನಲ್ಲಿ ಶೇಕಡ 89 ಎಂದು ಬರುತ್ತದೆ. ಸೇರಿದವರನ್ನು ಹಿಡಿದು ನೋಡಿದರೆ ಶೇಕಡ 50. ಎರಡು ಅಂಕಿಯೂ ಸುಳ್ಳಲ್ಲ, ಆದರೆ ತಂದೆತಾಯಿಗೆ ಬೇಕಾದದ್ದು ಎರಡನೆಯದು. ಇದನ್ನು ನಾನು ಕೇಳಿ ಹೇಳುತ್ತಿಲ್ಲ. ಸೇವೆಯಲ್ಲಿದ್ದಾಗ ಮೊದಲನೆಯ ಬಗೆಯ ಅಂಕಿಯನ್ನು ಕರಪತ್ರಕ್ಕಾಗಿ ನಾನೇ ಬರೆದುಕೊಟ್ಟಿದ್ದೇನೆ. ನಡುವೆ ಬಿಟ್ಟುಹೋದ ಮಕ್ಕಳು ಎಲ್ಲಿ ಹೋದರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ತಪ್ಪು ನನ್ನದು.

ಎರಡನೆಯದು: ಲೆಕ್ಕಶಾಸ್ತ್ರ ಕಲಿಸುವವರು ಯಾರು, ಎಷ್ಟು ವರ್ಷದಿಂದ ಇಲ್ಲಿದ್ದಾರೆ? ಕಟ್ಟಡ ಪಾಠ ಮಾಡುವುದಿಲ್ಲ. ಖಾಸಗಿ ಕಾಲೇಜುಗಳಲ್ಲಿ ಕಡಿಮೆ ಸಂಬಳಕ್ಕೆ ಬಂದವರು ವರ್ಷ ತುಂಬುವ ಮೊದಲೇ ಬೇರೆ ಕಡೆ ಹೋಗುವುದುಂಟು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರನ್ನು ನಂಬಿ ನಡೆಯುತ್ತಿವೆ. ಅವರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಹಾಗೆಂದು ಅತಿಥಿ ಉಪನ್ಯಾಸಕರೆಲ್ಲ ಕಡಿಮೆಯವರಲ್ಲ. ನಾನು ಕಂಡ ಅತ್ಯುತ್ತಮ ಲೆಕ್ಕದ ಮೇಷ್ಟ್ರುಗಳಲ್ಲಿ ಇಬ್ಬರು ಅತಿಥಿಗಳಾಗಿಯೇ ಉಳಿದವರು. ಆದ್ದರಿಂದ ಹುದ್ದೆಯ ಹೆಸರಿಗಿಂತ ಪಾಠ ನಿಯಮಿತವಾಗಿ ನಡೆಯುತ್ತದೆಯೇ ಎಂಬುದನ್ನು ನೋಡಬೇಕು. ವಾರದ ನಡುವೆ ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಹೋಗಿ ಕಾರಿಡಾರಿನಲ್ಲಿ ಒಮ್ಮೆ ನಡೆದರೆ ಸಾಕು, ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಮೂರನೆಯದು: ಮಕ್ಕಳು ತಾವೇ ಲೆಕ್ಕ ಬರೆಯುತ್ತಾರೆಯೇ, ಬೋರ್ಡಿನ ಮೇಲಿನದನ್ನು ನಕಲು ಮಾಡುತ್ತಾರೆಯೇ? ಲೆಕ್ಕ ಈಜಿನ ಹಾಗೆ, ದಡದಲ್ಲಿ ಕೂತು ಬರುವುದಿಲ್ಲ. ಒಂದು ಅಂಗಡಿಯ ಒಂದು ತಿಂಗಳ ರಶೀದಿಗಳನ್ನು ಕೊಟ್ಟರೆ ಕಿರ್ದಿ ಬರೆದು, ಖತಾವಣಿ ಮಾಡಿ, ತಾಳೆಪಟ್ಟಿ ಕೂಡಿಸಿ, ಬ್ಯಾಂಕ್ ಪಾಸ್‌ಬುಕ್ಕಿಗೆ ಹೋಲಿಸಿ ನೋಡುವಷ್ಟು ಪಳಗಿರಬೇಕು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಸಣ್ಣ ವ್ಯಾಪಾರಿಗೂ ರಿಟರ್ನ್ ಸಲ್ಲಿಸಬಲ್ಲವರು ಬೇಕಾಗಿದ್ದಾರೆ. ಟ್ಯಾಲಿ ತಂತ್ರಾಂಶ ನಮ್ಮ ಬೆಂಗಳೂರಿನದೇ. ಅದನ್ನು ಕಲಿಯದೆ ಬಿ.ಕಾಂ. ಮುಗಿಸಿದ ಮಕ್ಕಳು ಆಮೇಲೆ ಬೇರೆ ಹಣ ಕೊಟ್ಟು ಮಳವಳ್ಳಿಯಲ್ಲೋ ಮಂಡ್ಯದಲ್ಲೋ ಕಲಿಯುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ಎಷ್ಟು ಕಂಪ್ಯೂಟರ್ ಚಾಲೂ ಇವೆ, ವಾರಕ್ಕೆ ಎಷ್ಟು ಗಂಟೆ ಕೂರಿಸುತ್ತಾರೆ ಎಂದು ಅಲ್ಲಿಯ ಮಕ್ಕಳನ್ನೇ ಕೇಳಿ.

ನಾಲ್ಕನೆಯದು: ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಏನು ಮಾಡುತ್ತೀರಿ? ಬಂಡೂರಿನ ಆ ಹುಡುಗ ಸೋತದ್ದು ಇಲ್ಲಿಯೇ. ಡೆಬಿಟ್, ಕ್ರೆಡಿಟ್ ಅವನಿಗೆ ಗೊತ್ತಿತ್ತು, ಪ್ರಶ್ನೆಯ ಇಂಗ್ಲಿಷು ಗೊತ್ತಿರಲಿಲ್ಲ. ಮೊದಲ ಎರಡು ತಿಂಗಳು ಪಾಠವನ್ನು ಎರಡೂ ಭಾಷೆಯಲ್ಲಿ ಹೇಳಿ, ದಿನಕ್ಕೆ ಹತ್ತು ಪದ ಕಲಿಸುವ ಒಬ್ಬ ಮೇಷ್ಟ್ರು ಇದ್ದರೆ ಇಂಥ ಮಕ್ಕಳು ದಡ ಸೇರುತ್ತಾರೆ.

ಐದನೆಯದು: ಮೂರು ವರ್ಷಕ್ಕೆ ಒಟ್ಟು ಎಷ್ಟು ಖರ್ಚು, ಬರೆದು ಕೊಡುತ್ತೀರಾ? ಶುಲ್ಕ, ಪರೀಕ್ಷೆ, ಸಮವಸ್ತ್ರ, ಹಾಸ್ಟೆಲು, ‘ಇತರೆ’ ಎಲ್ಲವೂ ಸೇರಿ. ಕಟ್ಟಿದ ಪ್ರತಿ ರೂಪಾಯಿಗೆ ರಶೀದಿ ಬೇಕು. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ಸೀಟು ಬಿಟ್ಟವರಿಗೆ ನಿಗದಿತ ದಿನಗಳ ಪ್ರಕಾರ ಶುಲ್ಕ ಹಿಂದಿರುಗಿಸಬೇಕು ಎಂದು ಯುಜಿಸಿ 2018ರಲ್ಲೇ ಸೂಚನೆ ಹೊರಡಿಸಿದೆ. ಇದು ತಿಳಿದಿದ್ದರೆ ಆ ತಂದೆ ಮಗನ ಅಂಕಪಟ್ಟಿಗಾಗಿ ಅಷ್ಟು ಸಲ ಅಲೆಯಬೇಕಾಗಿರಲಿಲ್ಲ.

ಈ ಐದರ ಜೊತೆಗೆ ನಮ್ಮ ಜಿಲ್ಲೆಯವರು ಕೇಳಲೇಬೇಕಾದ ಆರನೆಯದೂ ಒಂದಿದೆ: ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ? 2025ರ ಫೆಬ್ರುವರಿಯಲ್ಲಿ ಮಂಡ್ಯವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲಿ ಎದ್ದು ಮಕ್ಕಳು ಗಾಬರಿಯಾಗಿದ್ದರು. ಪದವಿಯ ಅವಧಿಯ ವಿಷಯದಲ್ಲೂ ಹೀಗೆಯೇ ಆಯಿತು. 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಸೇರುವ ದಿನವೇ ಕೇಳಿ ತಿಳಿದುಕೊಳ್ಳುವುದು ಕ್ಷೇಮ.

ಇನ್ನು ಹುಡುಗಿಯ ಕೈಯಲ್ಲಿದ್ದ ಕರಪತ್ರಗಳಲ್ಲಿ ಒಂದು ‘ಬಿ.ಕಾಂ. ಜೊತೆಗೇ ಸಿಎ’ ಎಂದೂ, ಇನ್ನೊಂದು ‘ಬಿ.ಕಾಂ. ಜೊತೆಗೇ ಎಸಿಸಿಎ’ ಎಂದೂ ದೊಡ್ಡ ಅಕ್ಷರದಲ್ಲಿ ಹೇಳುತ್ತಿದ್ದವು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಚಾರ್ಟರ್ಡ್ ಅಕೌಂಟೆಂಟ್ ಪದವಿಯನ್ನು ಯಾವ ಕಾಲೇಜೂ ಕೊಡುವುದಿಲ್ಲ. 1949ರ ಕಾಯ್ದೆಯಿಂದ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಅಕೌಂಟೆಂಟ್ಸ್ ಒಂದೇ ಕೊಡುವುದು. ಅದಕ್ಕೆ ಎರಡು ದಾರಿ. ಪಿಯುಸಿ ಮುಗಿಸಿ ಫೌಂಡೇಶನ್ ಪರೀಕ್ಷೆ ಬರೆದು ಮುಂದೆ ಹೋಗಬಹುದು. ಇಲ್ಲವೇ ವಾಣಿಜ್ಯ ಪದವಿಯಲ್ಲಿ ಶೇಕಡ 55 ಪಡೆದು ನೇರವಾಗಿ ಇಂಟರ್‌ಮೀಡಿಯೇಟ್‌ಗೆ ನೋಂದಾಯಿಸಬಹುದು. ಫೌಂಡೇಶನ್‌ನಲ್ಲಿ ನಾಲ್ಕು ಪತ್ರಿಕೆ. ಪ್ರತಿಯೊಂದರಲ್ಲೂ ಕನಿಷ್ಠ 40, ಒಟ್ಟಾರೆ ಶೇಕಡ 50 ಬರಬೇಕು. ಇಂಟರ್‌ಮೀಡಿಯೇಟ್‌ನಲ್ಲಿ ಆರು, ಫೈನಲ್‌ನಲ್ಲಿ ಆರು ಪತ್ರಿಕೆ. ನಡುವೆ ಒಬ್ಬ ಸಿಎ ಬಳಿ ಆರ್ಟಿಕಲ್‌ಶಿಪ್ ಮಾಡಬೇಕು. ಮೊದಲು ಮೂರು ವರ್ಷವಿದ್ದದ್ದು ಈಗ ಎರಡು ವರ್ಷಕ್ಕೆ ಇಳಿದಿದೆ. ಓದುವ ಪುಸ್ತಕಗಳನ್ನು ಇನ್‌ಸ್ಟಿಟ್ಯೂಟ್ ತನ್ನ ಜಾಲತಾಣದಲ್ಲಿ ಉಚಿತವಾಗಿಯೇ ಇಟ್ಟಿದೆ. ಮೈಸೂರಿನಲ್ಲಿ ಅದರ ಶಾಖೆಯಿದೆ, ಹೋಗಿ ವಿಚಾರಿಸಬಹುದು.

ಹಾಗಾದರೆ ‘ಜೊತೆಗೇ ಸಿಎ’ ಎಂದು ಕಾಲೇಜು ಹೆಚ್ಚು ಹಣ ಪಡೆಯುವುದು ಕೋಚಿಂಗಿಗೆ. ಅದು ತಪ್ಪಲ್ಲ. ಆದರೆ ಮೊದಲ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕು: ಈ ಕೋಚಿಂಗಿಗೆ ಸೇರಿದವರೆಷ್ಟು, ಪಾಸಾದವರೆಷ್ಟು? ಫೋಟೋ ಹಾಕಿದ ಇಬ್ಬರ ಹಿಂದೆ ಎಷ್ಟು ಜನ ನಿಂತಿದ್ದಾರೆ? ಎಸಿಸಿಎ ಬ್ರಿಟನ್ ಮೂಲದ ಸಂಸ್ಥೆಯದು. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಅದಕ್ಕೆ ಕೆಲಸ ಸಿಗಬಹುದು, ಆದರೆ ನಮ್ಮ ದೇಶದಲ್ಲಿ ಕಂಪನಿಯ ಶಾಸನಬದ್ಧ ಆಡಿಟ್‌ಗೆ ಸಹಿ ಹಾಕುವ ಅಧಿಕಾರ ಅದರಿಂದ ಬರುವುದಿಲ್ಲ. ಈ ಒಂದು ವಾಕ್ಯ ಆ ಕರಪತ್ರದಲ್ಲಿ ಇರಲಿಲ್ಲ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು, ಕನ್ನಡದಲ್ಲಿಲ್ಲ. ಇದರ ಬಗ್ಗೆ ನಮ್ಮ ಸಂಘಟನೆಗಳು ದನಿ ಎತ್ತಬೇಕು. ಅಲ್ಲಿಯವರೆಗೆ ಮಕ್ಕಳು ಇಂಗ್ಲಿಷನ್ನು ಗಟ್ಟಿ ಮಾಡಿಕೊಳ್ಳದೆ ಗತ್ಯಂತರವಿಲ್ಲ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. “ಮಗ ಆಗಿದ್ರೆ ಎಲ್ಲಾದ್ರೂ ಕಳಿಸ್ಬೋದಾಗಿತ್ತು” ಎಂದು ಆ ತಂದೆ ಅಂದಾಗ ಹುಡುಗಿ ತಲೆ ತಗ್ಗಿಸಿದಳು. ಅವಳ ತಾಯಿ ಬಾಗಿಲ ಬಳಿ ನಿಂತಿದ್ದರು. “ಮಗನ್ನ ಕಳಿಸಿ ಆಯ್ತಲ್ಲ” ಎಂದರು, ಅಷ್ಟೇ. ಹೆಣ್ಣಿಗೆ ಅನುಭವ ಮಂಟಪದಲ್ಲಿ ಪೀಠ ಕೊಟ್ಟ ಪರಂಪರೆ ನಮ್ಮದು ಎಂದು ವೇದಿಕೆಯಲ್ಲಿ ಹೇಳಿ, ಮನೆಗೆ ಬಂದು ಮಗನಿಗೆ ಬೆಂಗಳೂರು, ಮಗಳಿಗೆ ಹತ್ತಿರ ಇದ್ದದ್ದು ಎಂದು ಹಂಚುವುದು ಯಾವ ಸಮಾನತೆ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಹೆಣ್ಣುಮಗಳು ಕಿರುಗಾವಲಿನಿಂದ ಮಳವಳ್ಳಿಗೋ ಮೈಸೂರಿಗೋ ಹೋಗಿಬರಲು ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಬೇಕಿಲ್ಲ. ಬೆಳಿಗ್ಗೆಯ ಬಸ್ ನಿಲ್ಲುತ್ತದೆಯೇ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ ಎಂಬುದನ್ನು ಒಂದು ವಾರ ನೋಡಿ ನಿರ್ಧರಿಸಲಿ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಹೋದರೆ ಲೆಕ್ಕ ಬಿಡಿಸಲು ಹೊತ್ತೆಲ್ಲಿ? ದೂರ, ಖರ್ಚು, ಪಾಠ ಮೂರನ್ನೂ ತೂಗಬೇಕು. ಆದರೆ ಮಗನಿಗೆ ಯಾವ ತಕ್ಕಡಿಯೋ ಮಗಳಿಗೂ ಅದೇ ತಕ್ಕಡಿ.

ಈಗ ನಮ್ಮ ಮಠಗಳ ಕಡೆ ತಿರುಗುತ್ತೇನೆ. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, 1916ರಲ್ಲಿ ಬೆಳಗಾವಿಯ ಕೆಎಲ್‌ಇ, 1954ರಲ್ಲಿ ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ. ಇವು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟುತ್ತಿರಲಿಲ್ಲ. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರನ್ನು ಎಣಿಸಲು ಯಾರಿಂದಾದೀತು? ನಾನೂ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನೇ. ಆ ಋಣದಿಂದಲೇ ಈ ಮಾತು ಹೇಳುತ್ತಿದ್ದೇನೆ. ಭಕ್ತರು ಮಠದ ಹೆಸರಿನ ಮೇಲಿನ ನಂಬಿಕೆಯಿಂದ ಮಕ್ಕಳನ್ನು ಸೇರಿಸುತ್ತಾರೆ. ಆ ನಂಬಿಕೆ ಒಂದು ಬಂಡವಾಳ. ಬಂಡವಾಳ ಹಾಕಿದವರಿಗೆ ವರ್ಷಕ್ಕೊಮ್ಮೆ ಅಢಾವೆ ಪತ್ರಿಕೆ ತೋರಿಸುವುದು ಲೆಕ್ಕಶಾಸ್ತ್ರದ ಮೊದಲ ಪಾಠ.

ಆದ್ದರಿಂದ ಪೂಜ್ಯರಲ್ಲಿ ಮೂರು ಬಿನ್ನಹ. ಮಠಗಳು ನಡೆಸುವ ಪ್ರತಿ ವಾಣಿಜ್ಯ ಕಾಲೇಜು ಮೇ ತಿಂಗಳಲ್ಲಿ ಒಂದೇ ಹಾಳೆಯಲ್ಲಿ ಸೇರಿದವರು, ಮುಗಿಸಿದವರು, ಬಿಟ್ಟುಹೋದವರು, ಪಾಠ ಮಾಡುವವರು, ಒಟ್ಟು ಶುಲ್ಕ ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕಾಲೇಜಿನ ಬಾಗಿಲಿಗೆ ಅಂಟಿಸಲಿ. ನಾವು ಮೊದಲು ಮಾಡಿದರೆ ಉಳಿದವರನ್ನು ಕೇಳುವ ನೈತಿಕತೆ ನಮಗೆ ಬರುತ್ತದೆ. ಎರಡನೆಯದಾಗಿ, ನಮ್ಮ ಪ್ರಸಾದ ನಿಲಯಗಳು ಸರ್ಕಾರಿ ಕಾಲೇಜಿನಲ್ಲಿ ಓದುವ ಎಲ್ಲ ಜಾತಿಯ ಮಕ್ಕಳಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೂ ತೆರೆಯಲಿ. ಪಾಠ ಸರ್ಕಾರದ್ದು, ಊಟ ದಾಸೋಹದ್ದು ಆದರೆ ಬಡವರ ಮಗಳಿಗೆ ಮಂಡ್ಯವೂ ಹತ್ತಿರ, ಮೈಸೂರೂ ಹತ್ತಿರ. ಮೂರನೆಯದಾಗಿ, ಮಠದ ದಾಸೋಹದ ಲೆಕ್ಕವನ್ನು ಬಿ.ಕಾಂ. ಓದುವ ಮಕ್ಕಳ ಕೈಗೆ ಕೊಡಿ. ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಉಳಿಯಿತು, ಕಾಣಿಕೆ ಎಷ್ಟು, ಸೌದೆ ಎಷ್ಟು ಎಂದು ಭಾನುವಾರ ಕೂತು ಬರೆಯಲಿ. ಒಬ್ಬ ಆಡಿಟರ್ ಶರಣರು ತಿಂಗಳಿಗೊಮ್ಮೆ ಬಂದು ತಿದ್ದಲಿ. ಮಕ್ಕಳಿಗೆ ವಿದ್ಯೆ, ಮಠಕ್ಕೆ ಶುದ್ಧ ಲೆಕ್ಕ.

ಆ ಕುಟುಂಬ ಏನು ಮಾಡಿತು ಎಂದು ಕೇಳುತ್ತೀರಿ. ಪ್ರಶ್ನೆಗಳ ಚೀಟಿ ಹಿಡಿದು ತಂದೆ, ಮಗಳು ಮೂರು ದಿನ ಮೂರು ಕಾಲೇಜು ನೋಡಿದರು. ಒಂದು ಕಡೆ ಸ್ವಾಗತಕಾರರು ಕಾಫಿ ಕೊಟ್ಟು ಮತ್ತದೇ ಕರಪತ್ರ ಕೊಟ್ಟರು. ಇನ್ನೊಂದು ಕಡೆ “ಇದೆಲ್ಲಾ ಯಾಕ್ ಬೇಕು ನಿಮ್ಗೆ?” ಎಂದರು. ಮೂರನೆಯ ಕಡೆ, ಸುಣ್ಣ ಬಣ್ಣ ಕಾಣದ ಒಂದು ಕಟ್ಟಡದಲ್ಲಿ, ಒಬ್ಬ ಉಪನ್ಯಾಸಕಿ ಹಾಜರಿ ಪುಸ್ತಕ ತೆಗೆದು ಸೇರಿದವರನ್ನೂ ಬಿಟ್ಟವರನ್ನೂ ಎಣಿಸಿ ತೋರಿಸಿದರಂತೆ. ಅಂಕಿ ಅಷ್ಟೇನೂ ಚೆನ್ನಾಗಿರಲಿಲ್ಲ. “ಆದ್ರೆ ಬಚ್ಚಿಡ್ಲಿಲ್ಲ ಮೇಷ್ಟ್ರೇ” ಎಂದಳು ಹುಡುಗಿ. ಅಲ್ಲಿಗೇ ಸೇರಿದ್ದಾಳೆ. ಉಳಿದ ಹಣವನ್ನು ತಾಯಿ ಅವಳ ಹೆಸರಿನಲ್ಲೇ ಇಟ್ಟಿದ್ದಾರೆ, ಪದವಿಯಲ್ಲಿ ಶೇಕಡ 55 ದಾಟಿದರೆ ಇಂಟರ್‌ಮೀಡಿಯೇಟ್ ನೋಂದಣಿಗೆಂದು. ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ಇದೂ ಒಂದು ಜಾಹೀರಾತಾಗುತ್ತದೆ, ನೀವು ಪ್ರಶ್ನೆ ಕೇಳುವುದನ್ನು ಬಿಟ್ಟು ಹೆಸರು ಹಿಡಿದು ಹೋಗುತ್ತೀರಿ.

ಅವಳು ಗೆಲ್ಲುತ್ತಾಳೋ ಇಲ್ಲವೋ ಮೂರು ವರ್ಷದ ಮೇಲೆ ತಿಳಿಯುತ್ತದೆ. ಆದರೆ ಕಾಲೇಜಿಗೆ ಕಾಲಿಡುವ ಮೊದಲೇ ಅವಳು ಒಂದು ಲೆಕ್ಕವನ್ನು ತಾನೇ ನೋಡಿ, ಕೂಡಿಸಿ, ತಾಳೆ ಹಾಕಿದ್ದಾಳೆ. ಮುಂದಿನ ಮೇ ತಿಂಗಳಲ್ಲಿ ನಿಮ್ಮ ಮನೆಯ ಮಕ್ಕಳೂ ಹೀಗೆಯೇ ಕೇಳಿ ಸೇರಲಿ.